ವೇಲ್ಸ್ ದೇಶದ ಹೆಳವರು

ಸಂತೋಷ ಹೆಚ್ಚಾದರೆ ಕೆಲವರಿಗೆ ಕಣ್ಣಲ್ಲಿ ನೀರು ಬರುತ್ತದೆ, ಕೆಲವರಿಗೆ ಊಟ ಸೇರುವುದಿಲ್ಲ. ನನಗೆ ಸಿಟ್ಟು ಬರುತ್ತದೆ. ಇದನ್ನು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಮಗ ಮಂಜಪ್ಪ ಹುಟ್ಟಿದಾಗ ನೋಡಲು ಬಂದವರಲ್ಲಿ ಒಬ್ಬರೂ ಕೂಸಿನ ಮೂಗನ್ನು ಹೊಗಳಲಿಲ್ಲವೆಂದು ಬಾಣಂತಿ ಕೋಣೆಯಿಂದಲೇ ಜಗಳ ತೆಗೆದವಳು ನಾನು. ಅಂಥವಳಿಗೆ ಈಗ ಆಗಿರುವ ಸಂತೋಷ ಎಂಥದ್ದೆಂದರೆ, ಮೂರು ತಿಂಗಳಿಂದ ದಾವಣಗೆರೆಯ ವಿನೋಬನಗರದಲ್ಲಿ ನಾನು ರೇಗದೆ ಬಿಟ್ಟ ಮನುಷ್ಯರಿಲ್ಲ. ನನ್ನ ಮೊಮ್ಮಗಳು ಚೈತ್ರಾಳಿಗೆ ಇಂಗ್ಲೆಂಡಿನ ಮಗ್ಗುಲಲ್ಲಿರುವ ವೇಲ್ಸ್ ದೇಶದ ಒಂದು ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ. ಫೀಸೂ ಅವರದೇ, ಊಟ ವಸತಿಯೂ ಅವರದೇ. ಓದುವುದು ಏನು? ಆ ದೇಶದ ವೆಲ್ಷ್ ಭಾಷೆಯನ್ನು ಆರೇಳುನೂರು ವರ್ಷಗಳ ಹಿಂದೆ ಹೇಗೆ ಬರೆಯುತ್ತಿದ್ದರೋ ಹಾಗೆ. ಆಗಿನ ಹಾಡು, ಆಗಿನ ಕಥೆ. ನಮ್ಮಲ್ಲಿ ಹಳಗನ್ನಡ ಓದುತ್ತಾರಲ್ಲ, ಅದು ಅವರ ಹಳಗನ್ನಡ ಎಂದುಕೊಳ್ಳಿ.

ಪೇಡದ ಡಬ್ಬಿ ಹಿಡಿದು ಮನೆಮನೆಗೂ ಹೋದೆ. ಎದುರು ಮನೆಯ ಗಿರಿಜಮ್ಮ ಪೇಡವನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು, "ಅಲ್ರೀ, ಆ ಹಳೇ ಭಾಷೆ ಆಡೋರೆಲ್ಲ ಸತ್ತು ಹೋಗ್ಯಾರಂತಲ್ಲ, ಈಕಿ ಕಲ್ತು ಯಾರ ಹತ್ರ ಮಾತಾಡ್ಬೇಕು?" ಎಂದಳು.

"ನೀನು ದಿನಾ ಸಂಜಿಗೆ ಟಿವಿ ಧಾರಾವಾಹಿಯೋರ ಹತ್ರ ಮಾತಾಡ್ತೀಯಲ್ಲ, ಅವರೇನು ನಿಂಗೆ ತಿರುಗಿ ಮಾತಾಡ್ತಾರಾ?" ಎಂದೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ, ಇನ್ನೊಂದು ಪೇಡ ತೆಗೆದುಕೊಂಡಳು. ಅದಕ್ಕೂ ನನಗೆ ಸಿಟ್ಟು ಬಂತು.

ಮೂಲೆಯ ಔಷಧಿ ಅಂಗಡಿಯವನು ಬಿ.ಪಿ. ಮಾತ್ರೆ ಕೊಡುತ್ತ, "ಅದಕ್ಕೆ ಸ್ಕೋಪ್ ಐತೇನಮ್ಮ?" ಎಂದು ಕೇಳಿದ. ಕೊಡುತ್ತಿರುವುದು ಬಿ.ಪಿ. ಮಾತ್ರೆ, ಕೇಳುತ್ತಿರುವುದು ಬಿ.ಪಿ. ಏರಿಸುವ ಪ್ರಶ್ನೆ! ಈ ಸ್ಕೋಪ್ ಎಂಬ ಮಾತು ಹೊಸದೇನೂ ಅಲ್ಲ. ನಾಲ್ಕನೆಯ ಕ್ಲಾಸಿಗೆ ನನ್ನನ್ನು ಶಾಲೆ ಬಿಡಿಸುವಾಗ ನಮ್ಮಪ್ಪನೂ ಇದನ್ನೇ ಕೇಳಿದ್ದ, ಆದರೆ ಕನ್ನಡದಲ್ಲಿ: "ಓದಿ ಏನು ಕಡಿದು ಗುಡ್ಡೆ ಹಾಕ್ಬೇಕಾಗೈತೆ?" ಅಂದಿನಿಂದ ನಾನು ಓದು ಕಲಿತದ್ದೆಲ್ಲ ಕಿರಾಣಿ ಅಂಗಡಿಯವರು ಪೊಟ್ಟಣ ಕಟ್ಟಿಕೊಟ್ಟ ಹಳೆಯ ಪೇಪರುಗಳಿಂದ. ಹಾಗಾಗಿ ನನಗೆ ತಿಳಿದಿರುವ ಸುದ್ದಿಗಳೆಲ್ಲ ಅರ್ಧರ್ಧ. ಕೊಲೆಯಾದದ್ದು ಗೊತ್ತಿರುತ್ತದೆ, ಯಾರು ಸಿಕ್ಕಿಬಿದ್ದರೆಂದು ಗೊತ್ತಿರುವುದಿಲ್ಲ.

ಹೊರಗಿನವರು ಹೋಗಲಿ, ಮನೆಯವರ ಕಥೆ ಕೇಳಿ. ನನ್ನ ಮಗನದು ಮೋಟರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟರು ಸುಟ್ಟುಕೊಂಡು ಬಂದ ರೈತರ ಮುಂದೆ ಅವನು, "ಮಗಳು ಫಾರಿನ್‌ನಾಗೆ ಇಂಗ್ಲಿಷ್ ಓದಾಕೆ ಹೊಂಟಾಳೆ" ಎಂದು ಹೇಳುವುದನ್ನು ನನ್ನ ಕಿವಿಯಾರೆ ಕೇಳಿದೆ.

"ಯಾಕಲೇ ಸುಳ್ಳು ಹೇಳ್ತೀಯ?"

"ಇಂಗ್ಲಿಷ್ ಅಂದ್ರೆ ಜನಕ್ಕೆ ತಿಳಿತೈತೆ ಬಿಡವ್ವ. ಹಳೇ ವೆಲ್ಷ್ ಅಂತ ಹೇಳಿದ್ರೆ ಮಧ್ಯಾಹ್ನದ ತನಕ ಅದನ್ನೇ ಬಿಡಿಸಿ ಹೇಳ್ತಾ ಕೂಡ್ಬೇಕು. ವೈಂಡಿಂಗ್ ಯಾರು ಮಾಡ್ತಾರೆ?"

ಹೆತ್ತ ಅಪ್ಪನೇ ಹೀಗಾದರೆ ಊರವರನ್ನು ಏನು ಹೇಳುವುದು!

ಚೈತ್ರಾ ಎರಡು ವರ್ಷದಿಂದ ಸಂಜೆ ಹೊತ್ತು ಅಡುಗೆಮನೆಯ ಪಕ್ಕದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆ ದೇಶದ ಒಬ್ಬ ಮೇಡಂ ಹತ್ತಿರ ಪಾಠ ಹೇಳಿಸಿಕೊಳ್ಳುತ್ತಿದ್ದಳು. ಇಂಗ್ಲಿಷ್ ಎಂ.ಎ. ಮಾಡುವಾಗ ಎಲ್ಲೋ ಒಂದು ಹಳೆಯ ಹಾಡಿನ ನಾಲ್ಕು ಸಾಲು ಕೇಳಿ ಮರುಳಾದಳಂತೆ. ನಾನು ಎದುರಿಗೆ ಕೂತು ಅವರೆಕಾಳು ಸುಲಿಯುತ್ತಿದ್ದೆ. ಪಾಠ ಹೇಳುವವರು ಇಬ್ಬರಿಗೂ ಕೇಳುವಂತೆ ಹೇಳಿದರೆ ತಪ್ಪು ಯಾರದು? ಆ ಭಾಷೆಯಲ್ಲಿ ಒಂದು ಅಕ್ಷರವಿದೆ. ನಾಲಿಗೆಯನ್ನು 'ಲ' ಅನ್ನುವ ಜಾಗದಲ್ಲಿ ಇಟ್ಟು, 'ಲ' ಅನ್ನದೆ, ಪಕ್ಕದಿಂದ ಗಾಳಿ ಬಿಡಬೇಕು. ಮೊಮ್ಮಗಳು ವಾರಗಟ್ಟಲೆ ಒದ್ದಾಡಿದಳು. ನಾನು ಹಲ್ಲಿನ ಸೆಟ್ಟನ್ನು ತೆಗೆದು ಲೋಟದಲ್ಲಿಟ್ಟು ಒಂದೇ ಸಲಕ್ಕೆ ಊದಿದೆ. ಹಸಿ ಸೌದೆಯ ಒಲೆಯನ್ನು ನಲವತ್ತು ವರ್ಷ ಊದಿದ ಬಾಯಿ ಇದು. ಪರದೆಯ ಮೇಲಿನ ಮೇಡಂ ಚಪ್ಪಾಳೆ ತಟ್ಟಿ, ಹೀಗೆ ಇರಬೇಕು ಎಂದರಂತೆ. ಇನ್ನೊಂದು ದಿನ ಚೈತ್ರಾ ನಿಘಂಟು ತಿರುವಿ ತಿರುವಿ ಸುಸ್ತಾಗಿದ್ದಳು. ಬೆಕ್ಕಿಗೆ ಅಲ್ಲಿ 'ಕಾಥ್' ಎನ್ನುತ್ತಾರಂತೆ, 'ನಿನ್ನ ಬೆಕ್ಕು' ಎನ್ನುವಾಗ ಅದೇ 'ಗಾಥ್' ಆಗುತ್ತದಂತೆ. "ಪದದ ತಲೇನೇ ಬದಲಾದ್ರೆ ಹೆಂಗಜ್ಜಿ ಹುಡುಕೋದು?" ಎಂದು ತಲೆ ಹಿಡಿದುಕೊಂಡಳು. "ಅದೇನು ದೊಡ್ಡ ವಿಷಯ? ಕಾಲ ಅಂತೀವಿ, ಮಳೆ ಹಿಂದೆ ನಿಂತ್ರೆ ಮಳೆಗಾಲ ಆಗಲ್ಲೇನು?" ಎಂದೆ. ಅವಳು ನನ್ನನ್ನು ದುರುಗುಟ್ಟಿ ನೋಡಿದಳು. ಎಂ.ಎ. ಮಾಡಿದವರಿಗೆ ನಾಲ್ಕನೆಯ ಕ್ಲಾಸಿನವರು ಹೇಳಿದರೆ ಹಾಗೆಯೇ ಆಗುವುದು.

ಆದರೆ ಸೀಟು ಸಿಕ್ಕಿದ್ದು ಇವುಗಳಿಂದಲ್ಲ. ಒಂದು ಸಂಜೆ ಅವಳು ಒಂದು ಬಗೆಯ ಹಾಡುಗಳ ವಿಷಯ ಬಿಡಿಸಿ ಹೇಳಿದಳು. ಆ ಕಾಲದಲ್ಲಿ ಕವಿಗಳು ಊರೂರು ತಿರುಗುತ್ತಿದ್ದರಂತೆ. ದೊಡ್ಡ ಮನೆಯ ಮುಂದೆ ನಿಂತು ಮೊದಲು ಯಜಮಾನನನ್ನು ಹೊಗಳುವುದು. ಆಮೇಲೆ ಇಂಥವನ ಮಗ ಇಂಥವನು, ಅವನ ಮಗ ಇಂಥವನು ಎಂದು ವಂಶವನ್ನೆಲ್ಲ ಬಾಯಿಪಾಠ ಹೇಳುವುದು. ಕೊನೆಗೆ ಒಂದು ದಾನ ಕೇಳುವುದು: ಕುದುರೆ, ಹೋರಿ, ಬೇಟೆನಾಯಿ, ಒಮ್ಮೊಮ್ಮೆ ಬೀಸುವ ಕಲ್ಲು ಕೂಡ. ಕೇಳುವುದೂ ಸುಮ್ಮನೆ ಅಲ್ಲ, ಆ ವಸ್ತು ಹೇಗಿರಬೇಕು, ಯಾವುದರಂತೆ ಇರಬೇಕು ಎಂದು ಹತ್ತಾರು ಹೋಲಿಕೆ ಕಟ್ಟಿ ಕೇಳುವುದು.

ನಾನು ಅವರೆಕಾಯಿ ಕೆಳಗಿಟ್ಟೆ. "ಇವರು ನಮ್ಮ ಹೆಳವರು ಕಣವ್ವ" ಎಂದೆ.

ಪಟ್ಟಣದಲ್ಲಿ ಬೆಳೆದವರಿಗೆ ಹೆಳವರು ಯಾರೆಂದು ಗೊತ್ತಿಲ್ಲದಿರಬಹುದು. ನಮ್ಮಂಥ ಒಕ್ಕಲುತನದ ಮನೆಗಳಿಗೆ ಎರಡು ಮೂರು ವರ್ಷಕ್ಕೊಮ್ಮೆ ಬರುತ್ತಾರೆ. ಹಿಂದೆ ಎತ್ತಿನ ಮೇಲೆ ಗಂಟೆ ಬಾರಿಸಿಕೊಂಡು ಬರುತ್ತಿದ್ದರು. ಏಳೆಂಟು ತಲೆಮಾರಿನ ಹೆಸರು ಅವರ ಪುಸ್ತಕದಲ್ಲಿ ಇರುತ್ತದೆ. ಅಂಗಳದಲ್ಲಿ ನಿಂತು ವಂಶ ಓದಿ ಹೊಗಳಿ, ಕಾಳುಕಡಿಯೋ ಬಟ್ಟೆಯೋ ಆಕಳೋ ದಾನ ಪಡೆದು, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು ಹೋಗುತ್ತಾರೆ. ಇದನ್ನೆಲ್ಲ ನಾನು ಹೇಳಿದ್ದೇ, ಮೊಮ್ಮಗಳು ಒಂದು ತಿಂಗಳು ಊಟ ನಿದ್ದೆ ಬಿಟ್ಟು ಇಂಗ್ಲಿಷಿನಲ್ಲಿ ಬರೆದಳು. ಅವರ ಕವಿಗಳು, ನಮ್ಮ ಹೆಳವರು, ಇಬ್ಬರನ್ನೂ ಪಕ್ಕ ಪಕ್ಕ ಇಟ್ಟು ಓದುತ್ತೇನೆ ಎಂದು. ಅಲ್ಲಿಯವರು ಕುಣಿದಾಡಿಕೊಂಡು ಸೀಟು ಕೊಟ್ಟರು. ಈಗ ಹೇಳಿ, ನಾನು ಸಂತೋಷಪಡಬೇಕೋ ಬೇಡವೋ? ಸಂತೋಷಪಟ್ಟ ಮೇಲೆ ಸಿಟ್ಟು ಬರಬೇಕೋ ಬೇಡವೋ?

ಇಷ್ಟರಲ್ಲಿ ಹರಿಹರದಿಂದ ನನ್ನ ಮೈದುನ ರುದ್ರಪ್ಪನ ಫೋನು ಬಂತು. ಮನೆತನಕ್ಕೆ ಈಗ ಅವನೇ ಹಿರಿಯ. "ಅತ್ತಿಗೆಮ್ಮ, ಹೆಳವ್ರ ದುರುಗಪ್ಪ ನಾಳೆ ಬರ್ತಾನಂತೆ. ಚೈತ್ರಾ ನೋಡ್ಬೇಕು ಅಂದಿದ್ಲಲ್ಲ, ಕರ್ಕಂಡು ಬರ್ರಿ." ಹೋದೆವು. ನಾನು ಹೊಸ ಸೀರೆಯನ್ನೇ ಉಟ್ಟಿದ್ದೆ. ಮೊಮ್ಮಗಳ ಹೆಸರು ಏಳು ತಲೆಮಾರಿನ ಪುಸ್ತಕಕ್ಕೆ ಸೇರುವ ದಿನ ಹಳೆಯ ಸೀರೆ ಉಡಲಾಗುತ್ತದೆಯೇ? ದಾನಕ್ಕೆಂದು ಒಂದು ಚೀಲ ಅಕ್ಕಿಯನ್ನು ಬಸ್ಸಿನ ಡಿಕ್ಕಿಯಲ್ಲಿ ಹಾಕಿಸಿಕೊಂಡಿದ್ದೆ.

ದುರುಗಪ್ಪ ಮೋಟರ್‌ಬೈಕಿನಲ್ಲಿ ಬಂದ. ಎತ್ತಿನ ಕೊರಳ ಗಂಟೆಯನ್ನು ಹ್ಯಾಂಡಲ್ಲಿಗೆ ಕಟ್ಟಿದ್ದ. ಪಂಚೆ ಸರಿಮಾಡಿಕೊಂಡು, ಕೆಂಪು ಬಟ್ಟೆ ಬಿಚ್ಚಿ ಪುಸ್ತಕ ತೆಗೆದು, ಅಂಗಳದಲ್ಲಿ ನಿಂತು ದನಿ ಎತ್ತಿದ. ಚೈತ್ರಾ ಮೊಬೈಲು ಹಿಡಿದು ರೆಕಾರ್ಡ್ ಮಾಡುತ್ತ ಅವನ ಎದುರಿಗೇ ನಿಂತಿದ್ದಳು. ಎಂಥ ಕಂಠ! ಮೂಲಪುರುಷನಿಂದ ಹಿಡಿದು ಒಬ್ಬೊಬ್ಬರನ್ನೇ ಎಬ್ಬಿಸಿ ತಂದು ಅಂಗಳದಲ್ಲಿ ನಿಲ್ಲಿಸಿದ ಹಾಗಾಯಿತು. ಬಾವಿ ತೋಡಿಸಿದ ಸಿದ್ದಪ್ಪ ಬಂದ, ಬರದಲ್ಲಿ ನೆಲದಡಿಯ ಹಗೇವು ತೆರೆದು ಜೋಳ ಹಂಚಿದ ಹಾಲಪ್ಪ ಬಂದ, ನಮ್ಮ ಮಾವ ಬಂದರು, ನಮ್ಮ ಯಜಮಾನರು ಬಂದರು. "ಬಸಪ್ಪನ ಮಗ ಮಂಜಪ್ಪ" ಎಂದ. ನಾನು ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದೆ.

"ಮಂಜಪ್ಪಗೆ ಸಂತಾನ ಇಲ್ಲ" ಎಂದು ಪುಸ್ತಕ ಮುಚ್ಚಿದ.

ಸಂತಾನ ಇಲ್ಲ! ಇಪ್ಪತ್ತಮೂರು ವರ್ಷದ, ಐದೂವರೆ ಅಡಿ ಸಂತಾನ ಅವನ ಮೂಗಿನ ಮುಂದೆ ಮೊಬೈಲು ಹಿಡಿದು ನಿಂತಿದೆ!

"ದುರುಗಪ್ಪ, ಕಣ್ಣು ಕಾಣಲ್ಲೇನೋ ನಿಂಗೆ? ಇದು ಯಾರಿದು?"

"ಮಂಜಣ್ಣನ ಮಗಳಲ್ರಾ ಅವ್ವಾರೆ. ನಂಗೊತ್ತಿಲ್ಲೇನ್ರಿ?"

"ಮಗಳು ಸಂತಾನ ಅಲ್ಲೇನು?"

"ಅಲ್ಲ ಅಂತ ನಾನೆಲ್ಲಿ ಅಂದೆ? ಹೆಣ್ಮಕ್ಕಳ ಹೆಸ್ರು ಬರಿಯೋ ಪದ್ಧತಿ ಇಲ್ರೀ. ಲಗ್ನ ಆಗಿ ಇನ್ನೊಂದು ಮನಿಗೆ ಹೋಗ್ತಾರೆ ನೋಡ್ರಿ."

"ಆ ಮನೆ ಹೆಳವ ಬರ್ಕಂತಾನೇನು?"

ದುರುಗಪ್ಪ ತಲೆ ಕೆರೆದುಕೊಂಡ. "ಅಲ್ಲೂ ಬರಿಯಂಗಿಲ್ಲ" ಎಂದ, ಮೆಲ್ಲಗೆ.

"ಅತ್ತಿಗೆಮ್ಮ, ಸುಮ್ನೆ ಕೂಡ್ರಿ. ಮೊದ್ಲಿಂದ ನಡಕೊಂಡು ಬಂದಿದ್ದು" ಎಂದು ಮೈದುನ ಬಾಯಿ ಹಾಕಿದ. ನಾನು ಅಕ್ಕಿ ಚೀಲದ ಮೇಲೆಯೇ ಕೂತೆ. ಹೆಸರು ಬರೆಯದೆ ಈ ಚೀಲ ಏಳುವುದಿಲ್ಲ, ಚೀಲದ ಮೇಲೆ ಕೂತವಳೂ ಏಳುವುದಿಲ್ಲ ಎಂದೆ. ಬೆಂಬಲಕ್ಕೆ ಮೊಮ್ಮಗಳ ಕಡೆ ನೋಡಿದೆ. ಅವಳು, "ಅಜ್ಜಿ, ವೇಲ್ಸ್‌ನಾಗೂ ಹಿಂಗೇ. ಅಲ್ಲಿನ ವಂಶಾವಳಿಗಳಾಗೂ ಬಹಳ ಮಟ್ಟಿಗೆ ಗಂಡಸರ ಹೆಸ್ರೇ ಇರೋದು" ಎಂದಳು. ಈ ಹುಡುಗಿಗೆ ಇದನ್ನು ಹೇಳಲು ಬೇರೆ ದಿನ ಸಿಗಲಿಲ್ಲವೇ? ಸಮುದ್ರದ ಆಚೆಯವರೂ ಈಚೆಯವರೂ ಮೊದಲೇ ಮಾತಾಡಿಕೊಂಡು ಮಾಡಿದ ಹಾಗಿದೆ!

ಕಾಫಿ ಬಂತು. ನಾನು ಮುಟ್ಟಲಿಲ್ಲ. ದುರುಗಪ್ಪನೂ ಮುಟ್ಟಲಿಲ್ಲ. ಪಾಪ, ಅವನ ಮುಖ ನೋಡಿದರೆ ಅವನದೂ ಒಂದು ಕಷ್ಟ ಎಂದು ಕಾಣುತ್ತಿತ್ತು. "ನಮ್ಮಜ್ಜ ಬರೀಲಿಲ್ಲ, ನಮ್ಮಪ್ಪ ಬರೀಲಿಲ್ಲ. ನಾನು ಬರೆದ್ರೆ ನಾಳೆ ಉಳಿದ ಒಕ್ಕಲು ಮನೆಯೋರು ಏನಂತಾರೆ? ಪುಸ್ತಕ ನಂದಲ್ರೀ ಅವ್ವಾರೆ, ನಾನು ಹೊತ್ಕಂಡು ತಿರುಗೋನು ಅಷ್ಟೆ" ಎಂದ.

ಆಗ ಚೈತ್ರಾ ನನ್ನ ಪಕ್ಕ ಬಂದು ಕುಕ್ಕರುಗಾಲಲ್ಲಿ ಕೂತು ಕಿವಿಯಲ್ಲಿ ಹೇಳಿದಳು: "ಜಗಳ ಆಡಬ್ಯಾಡ ಅಜ್ಜಿ. ನೀನು ಆ ವೇಲ್ಸ್ ಕವಿಗಳ ಹಾಡುಗಳನ್ನ ಕೇಳಿಲ್ಲೇನು? ದಾನ ಕೇಳೋದಕ್ಕೆ ಒಂದು ರೀತಿ ಐತಲ್ಲ, ಹಂಗೆ ಕೇಳು."

ಜಗಳ ಬಿಟ್ಟು ಬೇರೆ ರೀತಿಯಲ್ಲಿ ಕೇಳಿ ನನಗೆ ಅಭ್ಯಾಸವೇ ಇಲ್ಲ. ಆದರೂ ಎದ್ದೆ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ.

"ದುರುಗಪ್ಪ, ಇವತ್ತು ಹೇಳೋಳು ನಾನು, ಕೇಳೋನು ನೀನು. ನಿಮ್ಮಜ್ಜ ಹನುಮಂತಪ್ಪ. ಬಿಳೇ ಎತ್ತಿನ ಮ್ಯಾಲೆ ಬಂದ್ರೆ ಗಂಟಿ ಸಪ್ಪಳ ತುಂಗಭದ್ರೆ ದಾಟಿ ಆಚೆ ದಡಕ್ಕೆ ಕೇಳೋದಂತೆ. ಅವನ ಮಗ ಮರಿಯಪ್ಪ, ನಿಮ್ಮಪ್ಪ. ನಾನು ಹೊಸ ಸೊಸೆಯಾಗಿ ಬಂದ ವರ್ಷ ಇದೇ ಅಂಗಳದಾಗೆ ಏಳು ತಲಿ ಹೆಸ್ರು ಒಂದೇ ಉಸಿರಿಗೆ ಹೇಳ್ದ, ಒಂದು ತಂಬಿಗಿ ಮಜ್ಜಿಗಿ ಒಂದೇ ಉಸಿರಿಗೆ ಕುಡ್ದ. ಅವನ ಮಗ ದುರುಗಪ್ಪ. ಎತ್ತು ಬಿಟ್ರೂ ಗಂಟಿ ಬಿಡದೋನು. ಮನಿಯೋರು ಮರೆತ ಹೆಸ್ರನ್ನ ಮನಿಯೋರಿಗೇ ತಂದುಕೊಡೋನು."

ದುರುಗಪ್ಪ ಕೂತಲ್ಲಿಂದ ಎದ್ದು ನಿಂತ.

"ನಾನು ಕೇಳೋದು ಆಕಳಲ್ಲ, ಎತ್ತಲ್ಲ. ಒಂದು ಗೆರಿ. ಇರುವಿ ಸಾಲಿನಷ್ಟು ಉದ್ದ, ಕೂಸಿನ ಕಣ್ಣಿಗೆ ಕಾಡಿಗಿ ಎಳೆದಷ್ಟು ದಪ್ಪ. ಕೂರಿಗಿ ಎಳೆದ ಒಂದೇ ಒಂದು ಸಾಲು, ಅದರಾಗೆ ಎರಡೇ ಅಕ್ಷರ ಬೀಜ. ನಿನ್ನ ಪುಸ್ತಕಕ್ಕೆ ಅದು ಭಾರ ಆಗಲ್ಲ, ಅಕ್ಕಿಯಾಗ ಉಳಿದ ಒಂದು ಭತ್ತದ ಕಾಳಿದ್ದಂಗೆ. ಆದ್ರೆ ಬಿತ್ತಿದ್ರೆ ಮೊಳಿಯೋದು ಆ ಕಾಳೇ, ಅಕ್ಕಿ ಅಲ್ಲ."

ಎಲ್ಲಿಂದ ಬಂತೋ ನನಗೂ ತಿಳಿಯದು. ಉಸಿರು ಸಾಲದೆ ನಿಲ್ಲಿಸಿದೆ. ದುರುಗಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಊರಿನೋರ ವಂಶನೆಲ್ಲ ನಾವು ಹೇಳ್ತೀವಿ ಅವ್ವಾರೆ. ನಮ್ಮಪ್ಪನ ಹೆಸ್ರು, ನಮ್ಮಜ್ಜನ ಹೆಸ್ರು ಹಿಂಗೆ ನಿಂತು ಹೇಳ್ದೋರು ಇವತ್ತಿನ ತನಕ ಯಾರೂ ಇರ್ಲಿಲ್ಲ" ಎಂದು ಜೇಬಿನಿಂದ ಪೆನ್ನು ತೆಗೆದ. 'ಸಂತಾನ ಇಲ್ಲ' ಎಂಬುದಕ್ಕೆ ಅಡ್ಡ ಗೆರೆ ಎಳೆದು, ಕೆಳಗೆ ದಪ್ಪಗೆ ಬರೆದ: ಚೈತ್ರಾ. ನಾನು ಕನ್ನಡಕ ಹಾಕಿಕೊಂಡು ಮೂರು ಸಲ ಓದಿದೆ. ತಪ್ಪೇನೂ ಸಿಗಲಿಲ್ಲ. ರೇಗಲು ಏನೂ ಇಲ್ಲದೆ ಒಂದು ಕ್ಷಣ ಕೈಕಾಲು ಆಡದ ಹಾಗಾಯಿತು.

ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ದುರುಗಪ್ಪನಿಗೆ ಹುರುಪು ಬಂದುಬಿಟ್ಟಿತ್ತು. "ಪದ್ಧತಿ ಮುರಿದದ್ದಾತು, ಈಗ ಸರಿಯಾಗೇ ಮುರಿಯಾಣ. ಹೆಣ್ಣಿನ ಸಾಲು ಅಂದ್ಮ್ಯಾಲೆ ಹೆಣ್ಣಿನ ಕಡೆಯಿಂದ ಹಿಡೀಬೇಕು. ನಿಮ್ಮ ಹೆಸ್ರು ನಿಂಗಮ್ಮ, ಅಲ್ರಾ?" ಬರೆದ. ನನ್ನ ಹೆಸರು! ರೇಷನ್ ಕಾರ್ಡು ಬಿಟ್ಟರೆ ಮತ್ತೆಲ್ಲೂ ಶಾಯಿ ಕಾಣದ ಹೆಸರು.

"ನಿಮ್ಮ ತಾಯಿ?"

"ಗೌರಮ್ಮ. ಮಾಯಕೊಂಡದೋರು."

"ಅವರ ತಾಯಿ?"

ಅಂದರೆ ನನ್ನ ಅಮ್ಮಮ್ಮ.

ನನ್ನ ತಲೆ ಬಾಚಿದವಳು ಅವಳು. ಜ್ವರ ಬಂದಾಗ ರಾತ್ರಿಯೆಲ್ಲ ಹಣೆಗೆ ಒದ್ದೆ ಬಟ್ಟೆ ಹಾಕಿದವಳು. ಅವಳ ನಶ್ಯದ ಡಬ್ಬಿಯ ಮುಚ್ಚಳ ಎಲ್ಲಿ ನೆಗ್ಗಿತ್ತೆಂದು ಈಗಲೂ ಹೇಳಬಲ್ಲೆ. ಸಿದ್ದಪ್ಪ ತೋಡಿಸಿದ ಬಾವಿ ಗೊತ್ತು, ಹಾಲಪ್ಪ ಹಂಚಿದ ಜೋಳ ಗೊತ್ತು. ಅವಳು 'ಅಮ್ಮಮ್ಮ' ಎನ್ನುವುದು ಬಿಟ್ಟು ಬೇರೆ ಏನಾಗಿದ್ದಳೋ ನನಗೆ ಗೊತ್ತಿಲ್ಲ. ಅಲ್ಲೇ ನಿಂತು ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿರುವ ನನ್ನ ಅಕ್ಕನಿಗೆ ಫೋನು ಮಾಡಿದೆ.

"ಅಕ್ಕಾ, ನಮ್ಮ ಅಮ್ಮಮ್ಮನ ಹೆಸ್ರೇನೇ?"

"ಅಮ್ಮಮ್ಮಂದಾ?" ಎಂದಳು ಅಕ್ಕ. "ಆಕಿಗೆ ಹೆಸ್ರಿತ್ತೇನೇ?"

"ಹೆಸರಿಲ್ಲದೆ ಇರ್ತಾರೇನೇ ಯಾರಾದ್ರೂ!" ಎಂದು ಕಿರುಚಿದೆ.

"ನನ್ನ ಮ್ಯಾಲೆ ಯಾಕ ಕೂಗ್ತೀಯ? ತಾತ 'ಏ ಇವಳೇ' ಅಂತಿದ್ದ. ಅಷ್ಟೇ ಕೇಳಿದ್ದು ನಾನು" ಎಂದು ಫೋನು ಇಟ್ಟಳು.

ದುರುಗಪ್ಪ ಪೆನ್ನು ಹಿಡಿದು ಕಾಯುತ್ತಿದ್ದ. ಮೈದುನ ಮಾತಾಡಲಿಲ್ಲ, ಮಾತಾಡಿದ್ದರೆ ನನಗೆ ಸಹಾಯವಾಗುತ್ತಿತ್ತು, ಅವನ ಮೇಲೆ ಬೀಳಬಹುದಿತ್ತು. ಕೊನೆಗೆ ಹೆಳವನೇ, "ಜಾಗ ಬಿಟ್ಟಿರ್ತೀನಿ ಅವ್ವಾರೆ. ಸಿಕ್ಕಾಗ ಫೋನ್ ಮಾಡ್ರಿ, ಬರ್ಕಂತೀನಿ" ಎಂದು ಪುಸ್ತಕವನ್ನು ಕೆಂಪು ಬಟ್ಟೆಯಲ್ಲಿ ಸುತ್ತಿದ. ಅಕ್ಕಿ ಚೀಲ ಬೈಕಿನ ಮೇಲೆ ಏರಿತು.

ಮರು ಸೋಮವಾರ ಚೈತ್ರಾಳನ್ನು ಕರೆದುಕೊಂಡು ಮಾಯಕೊಂಡಕ್ಕೆ ಹೋದೆ. ಅವಳು ಹೊರಡಲು ಇನ್ನು ಹದಿನೈದೇ ದಿನ ಇತ್ತು. ವೀಸಾ, ಸ್ವೆಟರು, ಸೂಟ್‌ಕೇಸು ಎಂದು ನೂರು ಕೆಲಸವಿದ್ದರೂ, "ಇದೂ ನನ್ನ ಓದೇ ಅಜ್ಜಿ" ಎಂದು ತಾನೇ ಹೊರಟಳು. ನಮ್ಮ ತಾಯಿಯ ತವರುಮನೆಯ ಜಾಗದಲ್ಲಿ ಈಗ ಯಾರದೋ ಆರ್.ಸಿ.ಸಿ. ಮನೆ. ಓಣಿಯ ಹತ್ತು ಬಾಗಿಲು ತಟ್ಟಿದೆವು. 'ಗೌರಮ್ಮನ ಅಪ್ಪ' ಎಂದರೆ ಎಲ್ಲರಿಗೂ ಗೊತ್ತು. ಅವನ ಹೆಸರು, ಹೊಲದ ಹೆಸರು, ಅವನ ಎತ್ತುಗಳ ಹೆಸರು ಕೂಡ ಹೇಳಿದರು. ಎತ್ತುಗಳ ಹೆಸರು! ನಾನು ಪ್ರತಿ ಬಾಗಿಲಲ್ಲೂ ಹಲ್ಲು ಕಡಿಯುತ್ತ ಮುಂದೆ ಹೋದೆ. ಕೊನೆಗೆ ಯಾರೋ ಓಣಿಯ ತುದಿಯ ಮನೆ ತೋರಿಸಿದರು. ಜಗಲಿಯ ಮೇಲೆ ತೊಂಬತ್ತು ದಾಟಿರಬಹುದಾದ ಒಬ್ಬ ಮುದುಕಿ ಬಿಸಿಲಿಗೆ ಕಾಲು ಚಾಚಿ ಕೂತಿದ್ದಳು. ಕಣ್ಣು ಮಂಜಾಗಿದ್ದವು, ಕಿವಿ ಮಾತ್ರ ಚುರುಕು.

ಮೊಮ್ಮಗಳು ರೆಕಾರ್ಡು ಹಚ್ಚಿದಳು. ನಾನು ಹತ್ತಿರ ಹೋಗಿ ಕಾಲು ಮುಟ್ಟಿ, ವಿಷಯವನ್ನೆಲ್ಲ ವಿವರಿಸಿದೆ. ಹೆಣ್ಣುಮಕ್ಕಳ ಹೆಸರನ್ನು ಹೀಗೆ ಅಳಿಸಿಬಿಟ್ಟಿದ್ದಾರೆ, ನೋಡಿ ಎಂಥ ಅನ್ಯಾಯ, ಇದನ್ನು ಕೇಳುವವರೇ ಇಲ್ಲವೇ, ಎಂದು ಹರಿಹರದಲ್ಲಿ ಹೇಳಿದ್ದನ್ನೆಲ್ಲ ಇನ್ನೂ ಜೋರಾಗಿ ಹೇಳಿದೆ. ಮುದುಕಿ ಪೂರ್ತಿ ಕೇಳಿಸಿಕೊಂಡಳು.

"ಗೊತ್ತೈತೆ ನಂಗೆ ಆಕಿ ಹೆಸ್ರು. ನಾನು ಈ ಓಣಿಗೆ ಸಣ್ಣ ಸೊಸಿಯಾಗಿ ಬಂದಾಗ ಆಕಿ ಕೂಡೇ ನೀರಿಗೆ ಹೋಗ್ತಿದ್ದೆ" ಎಂದಳು. "ಮೊದ್ಲು ನೀನ್ಯಾರು ಅಂತ ಹೇಳು. ಗುರ್ತಿಲ್ಲದೋರಿಗೆ ನಾನ್ಯಾಕ ಹೇಳ್ಲಿ?"

ನನಗೆ ಎಲ್ಲಿಲ್ಲದ ಆನಂದವಾಯಿತು. ಗಡಬಡಿಸಿ ಹೇಳಿದೆ: "ನಾನು ದಾವಣಗೇರಿ ಬಸಪ್ಪನ ಹೆಂಡ್ತಿ ಅಜ್ಜಿ. ಮೋಟರ್ ರಿವೈಂಡಿಂಗ್ ಮಂಜಪ್ಪನ ತಾಯಿ. ಹರಿಹರದ ರುದ್ರಪ್ಪ ಇಲ್ಲೇನು, ಅವನ ಅತ್ತಿಗೆ."

ಹಿಂದೆ ಚೈತ್ರಾ ಕಿಸಕ್ಕನೆ ನಕ್ಕದ್ದು ಕೇಳಿಸಿತು.

ಮುದುಕಿ ನಾನಿದ್ದ ಕಡೆಗೆ ಮುಖ ತಿರುಗಿಸಿ, "ಅವರೆಲ್ಲ ಇರ್ಲಿ ಬಿಡವ್ವ, ಚೆಂದಾಗಿರ್ಲಿ" ಎಂದಳು. "ನಾನು ಕೇಳಿದ್ದು ನಿನ್ನ ಹೆಸ್ರು."